‘ನಮ್ಮ ನಾಯಿ ಏನೂ ಮಾಡಲ್ಲ’



ಉಳಿತಾಯ, ಸಾಲ ಮರುಪಾವತಿ, ಶೌಚಾಲಯ, ಮಕ್ಕಳ ಪೌಷ್ಟಿಕ ಆಹಾರ, ಕುಡಿಯುವ ನೀರು – ಇವೆಲ್ಲಾ ನಮ್ಮ ಸಭೆಗಳಲ್ಲಿ ಪಾಠವಾಗಿ ಬರುವ ವಿಷಯಗಳು. ನಾಯಿಯ ವಿಷಯ ಮಾತ್ರ ಪಾಠವಾಗಿ ಬರುವುದಿಲ್ಲ, ಜಗಳವಾಗಿ ಬರುತ್ತದೆ. ಒಂದೇ ಸಂಘದ ಇಬ್ಬರು ಸದಸ್ಯೆಯರು ಮೂರು ತಿಂಗಳಿಂದ ಮಾತು ಬಿಟ್ಟಿದ್ದಾರೆ, ಒಬ್ಬರು ಬಂದ ಸಭೆಗೆ ಇನ್ನೊಬ್ಬರು ಬರುವುದಿಲ್ಲ, ಏನು ಕಾರಣ ಅಂತ ವಿಚಾರಿಸಿದರೆ ನಾಯಿ! ನಾವು ಹಳ್ಳಿಗಳಿಗೆ ಭೇಟಿ ಕೊಟ್ಟಾಗ ಇಂಥ ಪ್ರಸಂಗಗಳನ್ನು ಮತ್ತೆ ಮತ್ತೆ ಕಂಡಿದ್ದೇವೆ. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ.

ಇಂಥ ಜಗಳ ಹೇಗೆ ಶುರುವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ.

“ಏನಕ್ಕ, ನಿಮ್ಮ ನಾಯಿ ದಿನಾ ನಮ್ಮ ಮಗೂನ ಅಟ್ಟಿಸ್ಕೊಂಡ್ ಬರುತ್ತೆ. ಸ್ವಲ್ಪ ಕಟ್ಟಿ ಹಾಕಬಾರದಾ?”

“ಅಯ್ಯೋ, ನಮ್ಮ ನಾಯಿ ಏನೂ ಮಾಡಲ್ಲ ಕಣಮ್ಮ. ಆಟ ಆಡಕ್ಕೆ ಬರುತ್ತೆ ಅಷ್ಟೆ. ನಿಮ್ಮ ಮಗ ಓಡ್ತಾನೆ, ಅದೂ ಓಡುತ್ತೆ.”

ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆ ನಾಯಿ ಆ ಅಕ್ಕನಿಗೆ ನಿಜವಾಗಿಯೂ ಏನೂ ಮಾಡುವುದಿಲ್ಲ. ಅವರ ಕೈಯಿಂದ ತಿಂದು, ಅವರ ಜಗಲಿಯ ಮೇಲೆ ಮಲಗಿ ಬೆಳೆದ ಪ್ರಾಣಿ ಅದು. ಆದರೆ ಬೀದಿಯಲ್ಲಿ ಹೋಗುವ ಮಗುವಿಗೆ ಆ ನಾಯಿ ಅಪರಿಚಿತ, ಆ ನಾಯಿಗೆ ಮಗುವೂ ಅಪರಿಚಿತ. ಮನೆಯವರಿಗೆ ಗೊತ್ತಿರುವ ನಾಯಿ ಒಂದು, ಬೀದಿಯವರು ನೋಡುವ ನಾಯಿ ಇನ್ನೊಂದು. ಮೈ ಒಂದೇ ಆದರೂ ನಡತೆ ಒಂದೇ ಅಲ್ಲ.

ನಾಯಿಯ ಭಾಷೆ

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ಮನುಷ್ಯರ ಬಗ್ಗೆ ಆಡಿದ ಮಾತು. ನಾಯಿಯ ವಿಷಯದಲ್ಲಿ ಇದನ್ನು ನಂಬಿ ಕಾಲು ಕೊಟ್ಟವರು ಬಹಳ ಮಂದಿ. ಬೊಗಳುವ ನಾಯಿ ಕಚ್ಚಬಹುದು, ಬೊಗಳದ ನಾಯಿಯೂ ಕಚ್ಚಬಹುದು. ಹಾಗೆಯೇ ಬಾಲ ಅಲ್ಲಾಡಿಸಿತು ಎಂದ ಮಾತ್ರಕ್ಕೆ ಅದು ಪ್ರೀತಿಯಿಂದಲೇ ಬರುತ್ತಿದೆ ಎಂದು ತಿಳಿಯಬಾರದು. ಮೈ ಸಡಿಲ ಬಿಟ್ಟು, ಸೊಂಟವೂ ಸೇರಿ ಆಡುವ ಹಾಗೆ ಬಾಲ ಬೀಸಿದರೆ ಸಂತೋಷ. ಮೈ ಬಿಗಿ ಹಿಡಿದು, ಬಾಲವನ್ನು ಮೇಲೆತ್ತಿ ತುದಿ ಮಾತ್ರ ನಡುಗಿಸುತ್ತಿದ್ದರೆ ಅದು ಎಚ್ಚರಿಕೆ. ಬೆನ್ನಿನ ಕೂದಲು ನಿಮಿರುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುವುದು, ಮುಖ ತಿರುಗಿಸಿ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ಇವೆಲ್ಲಾ ‘ನನ್ನನ್ನು ನನ್ನ ಪಾಡಿಗೆ ಬಿಡು’ ಎಂದು ಹೇಳುವ ರೀತಿಗಳು. ಇದು ಅರ್ಥವಾಗದಿದ್ದರೆ ಗುರುಗುಟ್ಟುತ್ತದೆ. ಅದೂ ಅರ್ಥವಾಗದಿದ್ದರೆ ಹಲ್ಲು.

ಇಲ್ಲಿ ಒಂದು ಮಾತು. ಗುರುಗುಟ್ಟಿದ ನಾಯಿಗೆ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಹೊಡೆದರೆ ನಾಯಿ ಸಾಧುವಾಗುವುದಿಲ್ಲ, ಗುರುಗುಟ್ಟುವುದನ್ನು ಮಾತ್ರ ಬಿಡುತ್ತದೆ. ಆಮೇಲೆ ಅದು ಮುನ್ಸೂಚನೆ ಕೊಡದೆ ನೇರವಾಗಿ ಕಚ್ಚುವ ನಾಯಿಯಾಗುತ್ತದೆ. ಆದ್ದರಿಂದ ಗುರುಗುಟ್ಟಿದಾಗ ಅದಕ್ಕೆ ಯಾವುದು ಹಿಡಿಸಲಿಲ್ಲ ಎಂದು ನೋಡಿ, ಮಗುವನ್ನೋ ನಾಯಿಯನ್ನೋ ದೂರ ಕರೆದುಕೊಂಡು ಹೋಗುವುದೇ ಸರಿಯಾದ ಕ್ರಮ.

ಮಕ್ಕಳಿಗೆ ಅಂಗನವಾಡಿಯ ವಯಸ್ಸಿನಿಂದಲೇ ಕೆಲವು ವಿಷಯ ಕಲಿಸಬೇಕು. ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಕಟ್ಟಿ ಹಾಕಿದ ನಾಯಿ, ಈ ನಾಲ್ಕರ ಹತ್ತಿರ ಹೋಗಬಾರದು. ಬೀದಿಯಲ್ಲಿ ನಾಯಿ ಎದುರು ಬಂದರೆ ಓಡಬಾರದು, ಕಿರುಚಬಾರದು, ಕಲ್ಲೆತ್ತಬಾರದು. ಮರದ ಹಾಗೆ ನಿಂತುಬಿಡಬೇಕು, ಕೈಗಳನ್ನು ಮೈಗೆ ಒತ್ತಿಕೊಂಡು, ಅದರ ಕಣ್ಣನ್ನೇ ದಿಟ್ಟಿಸದೆ ನೆಲ ನೋಡುತ್ತಾ. ಹೆಚ್ಚಿನ ನಾಯಿಗಳು ಮೂಸಿ ನೋಡಿ ಹೋಗಿಬಿಡುತ್ತವೆ. ಕೆಳಗೆ ಬಿದ್ದುಬಿಟ್ಟರೆ ಮೊಣಕಾಲು ಮಡಚಿ ಉಂಡೆಯಾಗಿ, ಎರಡೂ ಕೈಗಳಿಂದ ಕುತ್ತಿಗೆ ಮತ್ತು ಕಿವಿ ಮುಚ್ಚಿಕೊಳ್ಳಬೇಕು. ಇದನ್ನು ಆಟದ ಹಾಗೆ ನಾಲ್ಕೈದು ಸಲ ಮಾಡಿಸಿದರೆ ಮಕ್ಕಳು ಮರೆಯುವುದಿಲ್ಲ. ನಮ್ಮ ಮಕ್ಕಳ ಸಂಘಗಳಲ್ಲಿ ಮಾಡಿಸಿ ನೋಡಿದ್ದೇವೆ, ‘ಮರ’ ಅಂದ ಕೂಡಲೇ ನಿಂತುಬಿಡುತ್ತಾರೆ. ನಗು ತಡೆಯುವುದು ಮಾತ್ರ ಕಷ್ಟ.

ಕಟ್ಟಿದರೆ ಮುಗಿಯಿತೇ?

ಹಾಗಾದರೆ ಇಪ್ಪತ್ನಾಲ್ಕು ಗಂಟೆ ಕಟ್ಟಿಹಾಕಿದರೆ ಸಾಕಲ್ಲ ಅಂತ ನೀವು ಕೇಳಬಹುದು. ಸಾಲದು. ಹಗಲೆಲ್ಲ ಎರಡು ಮೊಳ ಸರಪಳಿಯಲ್ಲಿ ಬಿಸಿಲಿಗೆ ಬಿದ್ದಿರುವ ನಾಯಿ ಒಳ್ಳೆಯ ಕಾವಲುಗಾರ ಆಗುವುದಿಲ್ಲ, ಸಿಡುಕ ಆಗುತ್ತದೆ. ರಾತ್ರಿ ಬಿಟ್ಟಾಗ ಆ ಸಿಡುಕನ್ನೆಲ್ಲ ಬೀದಿಯಲ್ಲಿ ಹೋಗುವವರ ಮೇಲೆ ತೀರಿಸಿಕೊಳ್ಳುತ್ತದೆ. ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. 1960ರ ಪ್ರಾಣಿಗಳಿಗೆ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡುವುದು ಅಪರಾಧ. ಯಾವಾಗಲೂ ಕಟ್ಟಿಯೇ ಇರುವ ನಾಯಿಯನ್ನು ಅಡ್ಡಾಡಿಸದೆ ಇರುವುದನ್ನೂ ಅದೇ ಸೆಕ್ಷನ್ ಅಪರಾಧ ಎನ್ನುತ್ತದೆ. ಅರವತ್ತು ವರ್ಷಕ್ಕೂ ಹಳೆಯ ಕಾನೂನು ಇದು, ಆದರೂ ಕೇಳಿದವರು ಕಡಿಮೆ.

ನಾಯಿಗೆ ಬೇಕಾದದ್ದು ದೊಡ್ಡ ಖರ್ಚಿನದ್ದಲ್ಲ. ನೆರಳು, ಬೋಗುಣಿಯಲ್ಲಿ ಯಾವಾಗಲೂ ನೀರು, ತಿರುಗಿ ಮಲಗಲು ಸಾಕಾಗುವಷ್ಟು ಉದ್ದದ ಹಗ್ಗ, ಬೆಳಿಗ್ಗೆ ಸಂಜೆ ಅರ್ಧ ಅರ್ಧ ಗಂಟೆ ನಡಿಗೆ. ಕುತ್ತಿಗೆಯ ಬೆಲ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗುವಂತಿರಬೇಕು. ಮರಿ ಬೆಳೆದ ಹಾಗೆ ಬೆಲ್ಟ್ ಸಡಿಲಿಸದೆ ಕುತ್ತಿಗೆ ಹುಣ್ಣಾದ ನಾಯಿಗಳನ್ನು ನೀವೂ ನೋಡಿರುತ್ತೀರಿ.

ಮರಿ ತರುವಾಗಲೇ ಗಮನ ಕೊಡಬೇಕಾದ ಸಂಗತಿಯೂ ಇದೆ. ಕಣ್ಣು ಬಿಟ್ಟ ಕೂಡಲೇ ಮರಿಯನ್ನು ತಾಯಿಯಿಂದ ಬೇರೆ ಮಾಡಿ ತರಬಾರದು. ಎಂಟು ವಾರವಾದರೂ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬ ಪಾಠ ಅದಕ್ಕೆ ಸಿಗುವುದು ಆ ಆಟದಲ್ಲಿಯೇ. ಸುಮಾರು ಮೂರು ವಾರದಿಂದ ಮೂರು ತಿಂಗಳವರೆಗಿನ ಅವಧಿಯಲ್ಲಿ ಮರಿ ಏನನ್ನು ನೋಡುತ್ತದೆಯೋ ಅದಕ್ಕೆ ಹೊಂದಿಕೊಳ್ಳುತ್ತದೆ. ಕೋಲು ಹಿಡಿದ ಅಜ್ಜ, ಸೈಕಲ್ಲಿನ ಹುಡುಗ, ಬುರ್ಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಹಾಲಿನ ಕ್ಯಾನು ಹೊತ್ತವರು, ಇವರನ್ನೆಲ್ಲ ಹೆದರಿಕೆಯಿಲ್ಲದೆ ನೋಡಿ ಬೆಳೆದ ಮರಿ ದೊಡ್ಡದಾದ ಮೇಲೆ ಅವರ ಮೇಲೆ ಎಗರುವುದು ಅಪರೂಪ. ಗೂಡಿನೊಳಗೇ ಬೆಳೆದದ್ದು ಎಲ್ಲರ ಮೇಲೂ ಎಗರುತ್ತದೆ.

‘ಕೂತ್ಕೋ’, ‘ಬಾ’, ‘ಬಿಡು’ – ಈ ಮೂರು ಮಾತು ಕಲಿಸಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಹೇಳಿದ್ದನ್ನು ಮಾಡಿದ ಕೂಡಲೇ ಒಂದು ಚೂರು ರೊಟ್ಟಿ ಕೊಡಬೇಕು, ಮನೆಯವರೆಲ್ಲ ಒಂದೇ ಮಾತು ಬಳಸಬೇಕು. (ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಎಲ್ಲಿಯೂ ಬರೆದಿಲ್ಲ! ಮನೆಯಲ್ಲಿ ಮಕ್ಕಳ ಜೊತೆ ಕನ್ನಡ ಮಾತಾಡುವ ತಂದೆಯವರು ನಾಯಿಯ ಜೊತೆ ಮಾತ್ರ ‘ಸಿಟ್, ಕಮ್’ ಅನ್ನುವುದನ್ನು ನೋಡಿ ನಮಗೆ ನಗು ಬರುತ್ತದೆ.) ಮೈಮೇಲೆ ಹಾರುವ ಅಭ್ಯಾಸವನ್ನು ಮರಿಯಾಗಿದ್ದಾಗಲೇ ಬಿಡಿಸಬೇಕು. ಮರಿ ಹಾರಿದರೆ ಮುದ್ದು, ಅದೇ ಇಪ್ಪತ್ತು ಕಿಲೋ ತೂಗುವಾಗ ಹಾರಿದರೆ ಅಜ್ಜಿಯ ಸೊಂಟದ ಮೂಳೆ ಮುರಿಯುತ್ತದೆ.

ಜಾತಿ ನಾಯಿ ತರುವವರು ಅದರ ಸ್ವಭಾವ ತಿಳಿದು ತರಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಇಲಾಖೆ ಅಂಚೆಚೀಟಿಯ ಗೌರವ ಕೊಟ್ಟಿತು. ಬಯಲಲ್ಲಿ ಓಡಲೆಂದೇ ಹುಟ್ಟಿದ ಬೇಟೆ ನಾಯಿ ಅದು. ಅದನ್ನು ತಂದು ಪಟ್ಟಣದ ಬಾಡಿಗೆ ಮನೆಯ ಮೆಟ್ಟಿಲಿಗೆ ಕಟ್ಟಿದರೆ ಯಾರಿಗೆ ಸುಖ? ಅಂತಸ್ತಿಗಾಗಿ ನಾಯಿ ಸಾಕುವುದಕ್ಕಿಂತ ಊರ ನಾಯಿಮರಿಯೊಂದನ್ನು ತಂದು ಚೆನ್ನಾಗಿ ನೋಡಿಕೊಳ್ಳುವುದು ಮೇಲು.

ಬೀದಿ, ಸಂತೆ, ಸಾಲು

ಮನೆಯಿಂದ ಹೊರಗೆ ಬಂದ ಮೇಲೆ ನಿಯಮ ಒಂದೇ: ನಾಯಿ ಹಗ್ಗದಲ್ಲಿರಬೇಕು, ಹಗ್ಗ ಅದನ್ನು ತಡೆಯಬಲ್ಲವರ ಕೈಯಲ್ಲಿರಬೇಕು. ಎಂಟು ವರ್ಷದ ಹುಡುಗಿಯ ಕೈಗೆ ದೊಡ್ಡ ನಾಯಿಯ ಚೈನು ಕೊಟ್ಟು ಕಳಿಸಿದರೆ ಹುಡುಗಿ ನಾಯಿಯನ್ನು ಅಡ್ಡಾಡಿಸುವುದಿಲ್ಲ, ನಾಯಿಯೇ ಹುಡುಗಿಯನ್ನು ಎಳೆದುಕೊಂಡು ಹೋಗುತ್ತದೆ. ಕಚ್ಚುವ ಅಭ್ಯಾಸ ಇರುವ ನಾಯಿಯಾದರೆ ಹೊರಗೆ ತರುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥದ್ದನ್ನು ಅದರ ಬಾಯಿಗೂ ಕಟ್ಟಬೇಕು. ಉಸಿರಾಡಲು, ನಾಲಿಗೆ ಚಾಚಲು ಅಡ್ಡಿಯಾಗದ ಕುಕ್ಕೆಗಳು ಪೇಟೆಯಲ್ಲಿ ಸಿಗುತ್ತವೆ.

ಹಾಲಿನ ಡೈರಿಯ ಮುಂದೆ ಬೆಳಗಿನ ಸಾಲು, ನ್ಯಾಯಬೆಲೆ ಅಂಗಡಿಯ ಸಾಲು, ಸಂತೆ, ಜಾತ್ರೆ, ಶಾಲೆಯ ಗೇಟು, ಆಸ್ಪತ್ರೆಯ ಅಂಗಳ ಇವು ನಾಯಿಯನ್ನು ಕರೆದೊಯ್ಯುವ ಜಾಗಗಳಲ್ಲ. ‘ನಾನು ಕರೆದಿಲ್ಲ, ಅದೇ ಹಿಂದೆ ಬಂತು’ ಎನ್ನುವವರಿದ್ದಾರೆ. ಹಾಗಿದ್ದರೆ ಹೊರಡುವ ಮೊದಲು ಕಟ್ಟಿ ಹೊರಡಬೇಕು. ಚರ್ಚು, ದೇವಸ್ಥಾನ, ಮಸೀದಿಯ ಅಂಗಳಕ್ಕೂ ಇದೇ ಮಾತು. ಶವಸಂಸ್ಕಾರದ ನಡುವೆ ಎರಡು ಮನೆಯ ನಾಯಿಗಳು ಕಚ್ಚಾಡಿದ್ದನ್ನು ನಾವು ಕಂಡಿದ್ದೇವೆ. ದುಃಖದಲ್ಲಿದ್ದವರ ಮುಖ ನೋಡಲಾಗಲಿಲ್ಲ.

ಎಲ್ಲರಿಗೂ ನಾಯಿ ಇಷ್ಟವಾಗಬೇಕೆಂದಿಲ್ಲ. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರಿಗೆ ಐವತ್ತು ವರ್ಷವಾದರೂ ಹೆದರಿಕೆ ಹೋಗುವುದಿಲ್ಲ. ಪ್ರಾರ್ಥನೆಗೆ ಹೋಗುವ ನೆರೆಮನೆಯ ಮುಸ್ಲಿಂ ಬಂಧುಗಳಲ್ಲಿ ಅನೇಕರಿಗೆ ನಾಯಿಯ ಜೊಲ್ಲು ಬಟ್ಟೆಗೆ ತಾಗಿದರೆ ಮತ್ತೆ ಶುದ್ಧಿ ಮಾಡಿಕೊಳ್ಳಬೇಕಾಗುತ್ತದೆ. ಗರ್ಭಿಣಿಯರಿಗೆ, ಕೋಲು ಹಿಡಿದು ನಡೆಯುವವರಿಗೆ ಬೀಳುವ ಭಯ. ಎದುರಿನಿಂದ ಯಾರಾದರೂ ಬಂದರೆ ಹಗ್ಗ ಗಿಡ್ಡ ಹಿಡಿದು, ರಸ್ತೆಯ ಬದಿಗೆ ಸರಿದು, ಅವರಿಗೆ ದಾರಿ ಬಿಡಬೇಕಾದವರು ನಾಯಿಯವರು. ‘ಹೆದರಬೇಡಿ, ಏನೂ ಮಾಡಲ್ಲ’ ಅನ್ನುವುದು ಮರ್ಯಾದೆಯ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಹೆದರಿದವರ ಹೆದರಿಕೆಯನ್ನು ಅದು ತಳ್ಳಿಹಾಕುತ್ತದೆ.

ಬೈಕ್, ಸ್ಕೂಟಿಗಳ ಹಿಂದೆ ಓಡುವ ನಾಯಿಗಳದ್ದು ಬೇರೆಯೇ ಕಥೆ. ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತ ಹೆಂಗಸರು ಗಾಬರಿಯಾಗಿ ಕಾಲು ಎತ್ತಿಕೊಂಡಾಗ ಗಾಡಿಯ ಆಯ ತಪ್ಪುತ್ತದೆ. ನಾಯಿ ಕಚ್ಚದಿದ್ದರೂ ತಲೆಗೆ ಪೆಟ್ಟು ಬೀಳುತ್ತದೆ. ಇಂಥ ಸಂದರ್ಭದಲ್ಲಿ ‘ಮುಟ್ಟಲೇ ಇಲ್ಲವಲ್ಲ’ ಎಂದು ನಾಯಿಯ ಮನೆಯವರು ಕೈ ತೊಳೆದುಕೊಳ್ಳಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯವಾಗುವ ಸಂಭವವಿದ್ದರೂ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಳೆಯ ಐಪಿಸಿಯಲ್ಲಿ 289ನೇ ಸೆಕ್ಷನ್ ಆಗಿದ್ದಾಗ ದಂಡ 1000 ರೂಪಾಯಿವರೆಗೆ ಇತ್ತು.

ರಾತ್ರಿಯಿಡೀ ಬೊಗಳುವುದಕ್ಕೆ ಸಾಮಾನ್ಯವಾಗಿ ಒಂಟಿತನ, ಹಸಿವು ಅಥವಾ ಹಗಲೆಲ್ಲ ಕಟ್ಟಿದ್ದು ಕಾರಣ. ಮಾರನೇ ದಿನ ಕೂಲಿಗೆ ಹೋಗಬೇಕಾದ ಪಕ್ಕದ ಮನೆಯವರ ನಿದ್ದೆಗೂ ಬೆಲೆ ಇದೆ.

ಹೇಲಿನ ವಿಷಯ

ಈ ಮಾತು ಬಂದಾಗ ಸಭೆಯಲ್ಲಿ ಸೆರಗು ಬಾಯಿಗೆ ಬರುತ್ತದೆ. ಆದರೂ ಹೇಳಲೇಬೇಕು. ಊರನ್ನು ಬಯಲು ಶೌಚ ಮುಕ್ತ ಮಾಡಲು ನಾವೆಲ್ಲ ಸೇರಿ ಇಷ್ಟು ವರ್ಷ ದುಡಿದೆವು. ನಾಯಿಯನ್ನು ಮಾತ್ರ ಪಕ್ಕದವರ ಗೇಟಿನ ಮುಂದೆ, ಅಂಗನವಾಡಿಯ ಮರಳಿನಲ್ಲಿ ಕೂರಿಸಿ ಬರುವುದು ಯಾವ ನ್ಯಾಯ? ನಡಿಗೆಗೆ ಹೊರಡುವಾಗ ಹಳೆಯ ಪೇಪರು ಅಥವಾ ಕವರು ಹಿಡಿದು ಹೋಗಿ, ಎತ್ತಿ ತಂದು ಗುಂಡಿಯಲ್ಲಿ ಹೂಳಬಹುದು, ಅಥವಾ ಮನೆಯ ಶೌಚಾಲಯಕ್ಕೆ ಹಾಕಿ ನೀರು ಬಿಡಬಹುದು (ಕವರನ್ನಲ್ಲ!).

ಇದು ಅಸಹ್ಯದ ಪ್ರಶ್ನೆ ಮಾತ್ರವಲ್ಲ. ನಾಯಿಯ ಹೊಟ್ಟೆಯ ದುಂಡುಹುಳು, ಕೊಕ್ಕೆಹುಳುಗಳ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಮಣ್ಣಲ್ಲಾಡುವ ಮಕ್ಕಳಿಗೆ ಕೈಯಿಂದ ಬಾಯಿಗೆ, ಬರಿಗಾಲಿನ ಚರ್ಮದ ಮೂಲಕ ತೊಂದರೆಯಾಗುತ್ತದೆ. ಇನ್ನೂ ಗಂಭೀರವಾದದ್ದು ಒಂದಿದೆ. ಕುರಿ, ಮೇಕೆ ಸಾಕಲು ಸಂಘದಿಂದ ಸಾಲ ಪಡೆದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕುರಿ ಕೊಯ್ದಾಗ ಅದರ ಲಿವರ್, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ‘ಇದು ಚೆನ್ನಾಗಿಲ್ಲ’ ಎಂದು ಅದನ್ನು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗೆ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ದೊಡ್ಡ ಹುಳುಗಳಾಗಿ, ಮೊಟ್ಟೆಗಳು ಹೇಲಿನ ಮೂಲಕ ಹೊರಬಂದು, ಸೊಪ್ಪು, ನೀರು, ಕೈಗಳ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತವೆ. ನಮ್ಮ ಲಿವರಿನಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ದೊಡ್ಡ ಆಪರೇಷನ್ನಿನವರೆಗೂ ಹೋಗಬಹುದು. ಆದ್ದರಿಂದ ಕೊಯ್ದ ಪ್ರಾಣಿಯ ಒಳ ಅಂಗಗಳನ್ನು ಹಸಿಯಾಗಿ ನಾಯಿಗೆ ಹಾಕಬಾರದು, ಆಳವಾಗಿ ಹೂಳಬೇಕು. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಮರಿಗಳಿಗೆ ಪಶುವೈದ್ಯರು ಹೇಳಿದಂತೆ ಜಂತುಹುಳು ಔಷಧಿ ಕೊಡಿಸಬೇಕು.

ಮುಚ್ಚಿಟ್ಟ ಗೀರು

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ನಮ್ಮ ಕಾರ್ಯಕ್ಷೇತ್ರದ ಒಂದು ಹಳ್ಳಿಯಲ್ಲಿ ನಡೆದ ಸಂಗತಿ ಇದು. ಮೂರನೇ ತರಗತಿಯ ಹುಡುಗನೊಬ್ಬ ಪಕ್ಕದ ಮನೆಯ ನಾಯಿಮರಿಯ ಜೊತೆ ಆಡುತ್ತಿದ್ದಾಗ ಅದರ ಹಲ್ಲು ಮುಂಗೈಗೆ ತಾಗಿತು. ಒಂದು ಹನಿ ರಕ್ತ ಬಂತು. ಎರಡೂ ಮನೆಯವರಿಗೆ ಹಿಂದೆಯೇ ನಾಯಿಯ ಕಾರಣಕ್ಕೆ ಮಾತುಕತೆ ನಿಂತಿತ್ತು. ಹೇಳಿದರೆ ಅಪ್ಪ ಹೊಡೀತಾರೆ, ಮತ್ತೆ ಜಗಳ ಆಗುತ್ತೆ ಅಂತ ಹುಡುಗ ಸುಮ್ಮನಿದ್ದ. ಎರಡು ದಿನದ ಮೇಲೆ ಸ್ನಾನ ಮಾಡಿಸುವಾಗ ತಾಯಿ ಗೀರು ನೋಡಿ ಕೇಳಿದಳು. ‘ಮುಳ್ಳು ಗೀರಿತು’ ಅಂದ. ತಾಯಿಗೆ ಸಮಾಧಾನವಾಗಲಿಲ್ಲ. ಮೆಲ್ಲಗೆ ಕೂರಿಸಿಕೊಂಡು ಕೇಳಿದಾಗ ಬಾಯಿಬಿಟ್ಟ. ಆಕೆ ಆ ಗಳಿಗೆಯಲ್ಲಿ ಹೊಡೆಯಲಿಲ್ಲ, ಪಕ್ಕದ ಮನೆಗೆ ಹೋಗಿ ಕೂಗಾಡಲೂ ಇಲ್ಲ. ಗಾಯವನ್ನು ಸೋಪು ಹಾಕಿ ತೊಳೆದು, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅದೇ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋದಳು. ಅಲ್ಲಿ ಗಾಯದ ಸುತ್ತ ಒಂದು ಔಷಧಿ, ತೋಳಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಮೂರು ದಿನ ಬಿಟ್ಟು ಆ ಮರಿ ಜೊಲ್ಲು ಸುರಿಸುತ್ತಾ, ನೀರೂ ಕುಡಿಯಲಾರದೆ ಸತ್ತಿತು. ಆ ಮನೆಯವರೂ ಕೈಯಾರೆ ಅದಕ್ಕೆ ತಿನ್ನಿಸಿದವರೇ. ನಾಲ್ಕು ಜನರೂ ಇಂಜೆಕ್ಷನ್ ತೆಗೆದುಕೊಳ್ಳಬೇಕಾಯಿತು. ಹುಡುಗ ಇಂಜೆಕ್ಷನ್ನುಗಳನ್ನೆಲ್ಲ ಮುಗಿಸಿದ, ಈಗ ಹೈಸ್ಕೂಲಿಗೆ ಹೋಗುತ್ತಿದ್ದಾನೆ.

‘ಮನೆ ನಾಯಿ, ಅದೂ ಮರಿ, ಅದಕ್ಯಾಕೆ ಇಂಜೆಕ್ಷನ್’ ಎಂದುಕೊಂಡ ಮನೆ ಅದು. ರೇಬೀಸ್ ರೋಗಕ್ಕೆ ಮನೆ ನಾಯಿ, ಬೀದಿ ನಾಯಿ ಎಂಬ ಭೇದ ಇಲ್ಲ. ಮರಿ, ದೊಡ್ಡದು ಎಂಬ ಭೇದವೂ ಇಲ್ಲ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ಲಕ್ಷಣ ಬರುವ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ಜೀವ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಮ್ಮ ಭಾರತದಲ್ಲೇ. ಇವರಲ್ಲಿ ಮಕ್ಕಳ ಸಂಖ್ಯೆ ದೊಡ್ಡದು, ಯಾಕೆಂದರೆ ಮಕ್ಕಳು ಹೇಳುವುದಿಲ್ಲ.

ಕಚ್ಚಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು. ನಲ್ಲಿ ಇಲ್ಲದಿದ್ದರೆ ಬಿಂದಿಗೆಯಿಂದ ಒಬ್ಬರು ಸುರಿಯುತ್ತಿರಬೇಕು. 15 ನಿಮಿಷ ಬಹಳ ಉದ್ದ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಮೆಣಸಿನಪುಡಿ, ಸುಣ್ಣ, ಅರಿಶಿನ, ಕಾಫಿಪುಡಿ, ನಾಟಿ ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಮಂತ್ರ ಹಾಕಿಸುವವರ ಮನೆಗೆ ಹೋಗಿ ಕೂತು ದಿನ ಕಳೆಯಬೇಡಿ, ಆ ದಿನಗಳು ಮತ್ತೆ ಸಿಗುವುದಿಲ್ಲ.

ನಂತರ ಆಸ್ಪತ್ರೆ. ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಎಂಬ ಹೆದರಿಕೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮಕ್ಕೆ ಸಣ್ಣ ಸೂಜಿಯಲ್ಲಿ ಕೊಡುತ್ತಾರೆ, ಉಚಿತವಾಗಿ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ, ಅಥವಾ ಬಾಯಿ, ಕಣ್ಣು, ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯೂ ಬೇಕು. ಅದರ ಬಗ್ಗೆ ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕೂಡ ಈ ಲಸಿಕೆ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಕಚ್ಚಿ ವಾರ, ತಿಂಗಳು ಕಳೆದಿದ್ದರೂ ‘ಇನ್ನೇನು’ ಎಂದು ಸುಮ್ಮನಿರಬಾರದು. ರೋಗ ತಲೆಯೆತ್ತಲು ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ.

ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬಾರದು. 10 ದಿನ ಕಟ್ಟಿ ಗಮನಿಸಬೇಕು. ಅದು ಅಷ್ಟು ದಿನ ಆರೋಗ್ಯವಾಗಿ ಇದ್ದರೆ ಕಚ್ಚಿದ ಹೊತ್ತಿನಲ್ಲಿ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ತಿಳಿಯುತ್ತದೆ. ಆದರೆ 10 ದಿನ ಕಾದು ನೋಡಿ ಆಮೇಲೆ ಇಂಜೆಕ್ಷನ್ ಹಾಕಿಸೋಣ ಅನ್ನಬಾರದು. ಇಂಜೆಕ್ಷನ್ ಅಂದೇ ಶುರುವಾಗಬೇಕು, ಮುಂದುವರಿಸಬೇಕೆ ಬೇಡವೆ ಎಂಬುದನ್ನು ವೈದ್ಯರು ಹೇಳುತ್ತಾರೆ. ನಮ್ಮ ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ.

ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ, ಪಶುವೈದ್ಯರು ಹೇಳಿದಾಗ ಎರಡನೆಯದು, ಆಮೇಲೆ ಪ್ರತಿ ವರ್ಷ ಒಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲಸಿಕೆಯನ್ನು ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ ಅದು. ಆ ಸುಮಾರಿನಲ್ಲಿ ಬಹಳ ಕಡೆ ಪಶು ಆಸ್ಪತ್ರೆಯವರು ಉಚಿತ ಲಸಿಕೆ ಶಿಬಿರ ನಡೆಸುತ್ತಾರೆ. ಲಸಿಕೆಯ ಕಾರ್ಡನ್ನು ಮಕ್ಕಳ ತಾಯಿ ಕಾರ್ಡಿನ ಜೊತೆಯೇ ಇಟ್ಟುಕೊಳ್ಳಿ. ಯಾರನ್ನಾದರೂ ಕಚ್ಚಿದರೆ ಮೊದಲು ಆ ಕಾರ್ಡು ಹಿಡಿದುಕೊಂಡು ಅವರ ಮನೆಗೆ ನೀವೇ ಹೋಗಿ, ‘ತಪ್ಪಾಯ್ತು, ಬನ್ನಿ ಆಸ್ಪತ್ರೆಗೆ ಹೋಗೋಣ’ ಅನ್ನಿ. ಬಸ್ ಚಾರ್ಜು ನೀವೇ ಕೊಡಿ. ನಾವು ಕಂಡಂತೆ ಹಾಗೆ ಮಾಡಿದ ಮನೆಗಳ ಮಧ್ಯೆ ಜಗಳ ಹುಟ್ಟಿಲ್ಲ.

ಚೀಲದಲ್ಲಿ ತುಂಬಿ ಬಿಡುವ ಮರಿಗಳು

ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು, ಸಲಕ್ಕೆ ನಾಲ್ಕು, ಆರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗಂಡುಮರಿಗೆ ಕೇಳುವವರಿರುತ್ತಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಸಂತೆಯ ಬಯಲಿಗೋ ಪಕ್ಕದ ಊರಿನ ಕೆರೆ ಏರಿಗೋ ಹೋಗುತ್ತವೆ. (ಹೆಣ್ಣುಮಗುವಿನ ಬಗ್ಗೆ ಇಷ್ಟೆಲ್ಲ ಮಾತಾಡುವ ನಮ್ಮ ಸಂಘಗಳು ಇದನ್ನೂ ಒಂದು ಸಲ ಯೋಚಿಸಬೇಕು.) ಹಾಗೆ ಬಿಟ್ಟ ಮರಿಗಳೇ ವರ್ಷದೊಳಗೆ ‘ಬೀದಿ ನಾಯಿ ಕಾಟ’ ಎಂಬ ಹೆಸರಿನಲ್ಲಿ ಗ್ರಾಮಸಭೆಯ ಅರ್ಜಿಯಾಗಿ ವಾಪಸ್ಸು ಬರುತ್ತವೆ. ಸಾಕಿದ ಪ್ರಾಣಿಯನ್ನು ಬಿಟ್ಟುಬರುವುದು ಕೂಡ 1960ರ ಕಾಯ್ದೆಯಲ್ಲಿ ಅಪರಾಧವೇ. ಸಂತಾನಹರಣ ಆಪರೇಷನ್ ಮಾಡಿಸಿದರೆ ಈ ಸಂಕಟ ಇರುವುದಿಲ್ಲ, ಗಂಡುನಾಯಿಗೂ ಊರು ಸುತ್ತುವುದು, ಕಚ್ಚಾಡುವುದು ಕಡಿಮೆಯಾಗುತ್ತದೆ.

ಬೀದಿ ನಾಯಿಗಳ ಜವಾಬ್ದಾರಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಪಂಚಾಯ್ತಿ, ಪುರಸಭೆಗಳಂಥ ಸ್ಥಳೀಯ ಸಂಸ್ಥೆಗಳದ್ದು. ಹಿಡಿದು, ಆಪರೇಷನ್ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವುದು ಆ ನಿಯಮಗಳ ಕ್ರಮ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಇದೇ ಕ್ರಮವನ್ನು ಹೇಳಿ, ಹುಚ್ಚು ಹಿಡಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಮತ್ತೆ ಬೀದಿಗೆ ಬಿಡಬಾರದು ಎಂದಿತು. ಎಲ್ಲೆಂದರಲ್ಲಿ ಊಟ ಹಾಕದೆ ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕು ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ತೆಗೆದು ಆಶ್ರಯ ತಾಣಗಳಿಗೆ ಸಾಗಿಸಲು ಆದೇಶಿಸಿತು. ಪಂಚಾಯ್ತಿಗೆ ಅರ್ಜಿ ಕೊಡುವಾಗ ಇವನ್ನು ಬರೆಯಿರಿ. ವಿಷ ಹಾಕುವ ದಾರಿ ಹಿಡಿಯಬೇಡಿ. ಪ್ರಾಣಿಗೆ ವಿಷವಿಟ್ಟವರಿಗೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ 5 ವರ್ಷದವರೆಗೆ ಜೈಲು ಇದೆ. ಜೊತೆಗೆ ಆ ವಿಷ ತಿನ್ನುವುದು ನಾಯಿಯೊಂದೇ ಅಲ್ಲ, ಕೋಳಿ, ಬೆಕ್ಕು, ಒಮ್ಮೊಮ್ಮೆ ಮಗುವಿನ ಕೈಗೂ ಸಿಗುತ್ತದೆ.

ಸಭೆಯಲ್ಲಿ ಚರ್ಚಿಸಲು

ಪಾಠ ಓದಿದ ಮೇಲೆ ಅರ್ಧ ಗಂಟೆ ಇವನ್ನು ಮಾತಾಡಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ನಮ್ಮ ಸಂಘದ ಎಷ್ಟು ಮನೆಗಳಲ್ಲಿ ನಾಯಿ ಇದೆ? ಎಷ್ಟಕ್ಕೆ ಈ ವರ್ಷದ ರೇಬೀಸ್ ಲಸಿಕೆ ಆಗಿದೆ? ಕಾರ್ಡು ತಂದು ತೋರಿಸಬಹುದೇ?

ನಾಯಿ ಕಚ್ಚಿತು, ಗೀರಿತು ಎಂದು ನಮ್ಮ ಮಕ್ಕಳು ಹೆದರದೆ ಬಂದು ಹೇಳುವಂತಹ ಮನೆ ನಮ್ಮದಾಗಿದೆಯೇ? ಇಂದು ಸಂಜೆಯೇ ಮಕ್ಕಳನ್ನು ಕೇಳಿ ನೋಡೋಣವೇ?

ನಮ್ಮ ಬೀದಿಯಲ್ಲಿ ನಾಯಿಯ ಭಯದಿಂದ ಸುತ್ತು ದಾರಿ ಹಿಡಿದು ಹೋಗುವವರು ಯಾರು? ಅದು ಯಾರ ಮನೆಯ ನಾಯಿ?

ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಲಸಿಕೆ ಶಿಬಿರದ ದಿನ ಕೇಳಿಕೊಂಡು ಬರುವವರು ಯಾರು, ಆಟೋ ಬಾಡಿಗೆಯನ್ನು ಹೇಗೆ ಹಂಚಿಕೊಳ್ಳುವುದು?